ಎರಡು ಆಸನದ ಪುಷ್ಪಕ

ಪುರಾಣದ ಪುಷ್ಪಕದಲ್ಲಿ ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಎಡೆಯುಂಟೆಂಬುದು ಪ್ರತೀತಿ. ಆ ಪ್ರಸಂಗವನ್ನು ಪಾಠ ಹೇಳುವಾಗಲೆಲ್ಲ ನನಗೆ ನೆನಪಾಗುವುದು ಇಂದಿರಾನಗರದಾಚೆಯ ಎಚ್.ಎ.ಎಲ್. ಕಾರ್ಖಾನೆಯ 'ಪುಷ್ಪಕ್'. 1958ರಲ್ಲಿ ಮೊದಲು ಹಾರಿದ ಅದರಲ್ಲಿ ಇಬ್ಬರಿಗಷ್ಟೇ ಜಾಗ. ಮೈಗೆ ಬಟ್ಟೆಯ ಹೊದಿಕೆ, 90 ಅಶ್ವಶಕ್ತಿಯ ಎಂಜಿನ್. ಹಾರಾಟದ ಕ್ಲಬ್ಬುಗಳಲ್ಲಿ ಎಷ್ಟೋ ತರುಣರು ಅದರಲ್ಲಿಯೇ ಕಲಿತರು.

ಕಾರ್ಖಾನೆಯ ರನ್‌ವೇ ಊರಿನ ವಿಮಾನ ನಿಲ್ದಾಣವೂ ಆಯಿತು. ಜೆಟ್ಟುಗಳ ಸಂದಣಿಯಲ್ಲಿ ಪುಟ್ಟ ಖಾಸಗಿ ವಿಮಾನಕ್ಕೆ ಇಳಿಯುವುದೇ ಒಂದು ಪರೀಕ್ಷೆ. ಮುಂದೆ ಹೋದ ದೊಡ್ಡ ವಿಮಾನದ ರೆಕ್ಕೆಗಳಿಂದ ಏಳುವ ಸುಳಿಗಾಳಿ ಅದನ್ನು ಮಗುಚೀತು, ಆದ್ದರಿಂದ ಕಾಯಬೇಕು. ಇಳಿದ ಮೇಲೆ, ಹಿಂದೆ ಬರುವವರಿಗಾಗಿ ಬೇಗ ದಾರಿಯನ್ನೂ ಬಿಡಬೇಕು.

2008ರ ಮೇ ತಿಂಗಳಲ್ಲಿ ನಿತ್ಯಸಂಚಾರದ ವಿಮಾನಗಳು ದೇವನಹಳ್ಳಿಗೆ ತೆರಳಿದವು. ಕಾರ್ಖಾನೆಯ, ಸೈನ್ಯದ ವಿಮಾನಗಳೊಡನೆ ಖಾಸಗಿಯವೂ ಇಲ್ಲಿ ಉಳಿದವು. ದೊಡ್ಡವರು ಬಂದಾಗ ಚಿಕ್ಕವರು ಜಾಗ ಬಿಡುವುದು ಲೋಕರೂಢಿ. ಇಲ್ಲಿ ಜಾಗ ಬಿಟ್ಟವರು ದೊಡ್ಡವರು.