ಕಾರು ಗಟ್ಟಿ, ಪೆಟ್ಟು ಚಾಲಕನಿಗೆ: ನಾಸ್ಕಾರ್ 'ನೆಕ್ಸ್ಟ್ ಜೆನ್' ಕಾರಿನ ಸುರಕ್ಷತಾ ವಿವಾದ ಏನು?

2022ರ ಜುಲೈ 23. ಅಮೆರಿಕದ ಪೆನ್ಸಿಲ್ವೇನಿಯಾದ ಪೊಕೊನೊ ಟ್ರ್ಯಾಕ್‌ನಲ್ಲಿ ನಾಸ್ಕಾರ್ ರೇಸ್‌ನ ಅರ್ಹತಾ ಸುತ್ತು ನಡೆಯುತ್ತಿತ್ತು. 2004ರ ಚಾಂಪಿಯನ್ ಕರ್ಟ್ ಬುಷ್ ಅವರ ಕಾರು ತಿರುವಿನಲ್ಲಿ ಹಿಡಿತ ತಪ್ಪಿ ಸುತ್ತಿ, ಹಿಂಭಾಗದಿಂದ ಗೋಡೆಗೆ ಅಪ್ಪಳಿಸಿತು. ಕಾರು ಪಲ್ಟಿಯಾಗಲಿಲ್ಲ. ಟಿವಿಯಲ್ಲಿ ನೋಡಿದವರಿಗೆ ಅದು ರೇಸ್‌ಗಳಲ್ಲಿ ಆಗಾಗ ಆಗುವಂಥ ಸಾಮಾನ್ಯ ಅಪಘಾತ. ಆದರೆ ಬುಷ್ ಅವರ ಮಿದುಳಿಗೆ ಬಿದ್ದ ಆಘಾತ ವಾಸಿಯಾಗಲಿಲ್ಲ. ಅವರು ಮತ್ತೆಂದೂ ನಾಸ್ಕಾರ್ ಕಪ್ ರೇಸ್‌ಗೆ ಇಳಿಯಲಿಲ್ಲ. 2023ರ ಆಗಸ್ಟ್‌ನಲ್ಲಿ ನಿವೃತ್ತಿ ಘೋಷಿಸಿದರು.

ಆ ವರ್ಷವಷ್ಟೇ ಟ್ರ್ಯಾಕ್‌ಗೆ ಬಂದಿದ್ದ ಹೊಸ ಕಾರಿನ ಹೆಸರು 'ನೆಕ್ಸ್ಟ್ ಜೆನ್'. ಹಿಂದಿನ ಕಾರುಗಳಿಗಿಂತ ಗಟ್ಟಿಯಾದ ಕಾರು ಎಂಬ ಹೆಸರು ಅದಕ್ಕಿತ್ತು. ಆ ಗಟ್ಟಿತನವೇ ತಮಗೆ ಮುಳುವಾಗುತ್ತಿದೆ ಎಂದು ಚಾಲಕರು ದೂರಿದರು. ಹಾಗಾದರೆ ಗಟ್ಟಿಯಾದ ಕಾರು ಅಪಾಯಕಾರಿ ಆಗುವುದು ಹೇಗೆ? ಈ ವಿವಾದದ ಹಿನ್ನೆಲೆ ಏನು? ಇಲ್ಲಿದೆ ಸಂಪೂರ್ಣ ವಿವರ.

ನಾಸ್ಕಾರ್ ಎಂದರೇನು?

ನಾಸ್ಕಾರ್ 1948ರಲ್ಲಿ ಬಿಲ್ ಫ್ರಾನ್ಸ್ ಸೀನಿಯರ್ ಸ್ಥಾಪಿಸಿದ ಸಂಸ್ಥೆ. ಫ್ಲೋರಿಡಾದ ಡೇಟೋನಾ ಬೀಚ್ ಇದರ ಕೇಂದ್ರ ಸ್ಥಾನ. ಷೋರೂಮ್‌ನಿಂದ ತಂದ ಕಾರುಗಳನ್ನೇ ರೇಸ್‌ಗೆ ಇಳಿಸುತ್ತಿದ್ದ ಕಾಲದಲ್ಲಿ 'ಸ್ಟಾಕ್ ಕಾರ್' ಎಂಬ ಹೆಸರು ಬಂತು. ಈಗ ಹೆಸರು ಮಾತ್ರ ಉಳಿದಿದೆ. ಹೊರಗಿನಿಂದ ಷೆವರ್ಲೆ, ಫೋರ್ಡ್, ಟೊಯೋಟಾ ಕಾರುಗಳಂತೆ ಕಂಡರೂ ಒಳಗೆ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಪಕ್ಕಾ ರೇಸ್ ಕಾರು.

ಫಾರ್ಮುಲಾ ಒನ್‌ನಂತೆ ಅಂಕುಡೊಂಕಿನ ಟ್ರ್ಯಾಕ್‌ಗಳು ಇಲ್ಲಿ ಕಡಿಮೆ. ಹೆಚ್ಚಿನವು ಮೊಟ್ಟೆಯಾಕಾರದ ಓವಲ್ ಟ್ರ್ಯಾಕ್‌ಗಳು. ಡೇಟೋನಾ ಟ್ರ್ಯಾಕ್‌ನ ಉದ್ದ ಸುಮಾರು 4 ಕಿ.ಮೀ. ಅದರ ತಿರುವುಗಳು 31 ಡಿಗ್ರಿಯಷ್ಟು ಓರೆಯಾಗಿವೆ. ಗಂಟೆಗೆ 300 ಕಿ.ಮೀ. ಆಸುಪಾಸಿನ ವೇಗದಲ್ಲಿ 40 ಕಾರುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಓಡುತ್ತವೆ. ಪಕ್ಕದಲ್ಲೇ ಗೋಡೆ. ಹೀಗಾಗಿ ಇಲ್ಲಿ ಅಪಘಾತ ಅಪರೂಪದ ಸಂಗತಿಯಲ್ಲ. ಚಾಲಕ ಗೋಡೆಗೆ ಹೊಡೆದೇ ಹೊಡೆಯುತ್ತಾನೆ ಎಂದುಕೊಂಡೇ ಕಾರನ್ನು ವಿನ್ಯಾಸ ಮಾಡಬೇಕು.

ಎಲ್ಲವನ್ನೂ ಬದಲಿಸಿದ 2001ರ ಸಾವು

2000ನೇ ಇಸವಿಯ ಮೇ ತಿಂಗಳಲ್ಲಿ ಆಡಂ ಪೆಟ್ಟಿ, ಜುಲೈನಲ್ಲಿ ಕೆನ್ನಿ ಅರ್ವಿನ್ ಜೂನಿಯರ್ ಒಂದೇ ನ್ಯೂ ಹ್ಯಾಂಪ್‌ಶೈರ್ ಟ್ರ್ಯಾಕ್‌ನಲ್ಲಿ ಮೃತಪಟ್ಟರು. ಅಕ್ಟೋಬರ್‌ನಲ್ಲಿ ಟ್ರಕ್ ರೇಸ್ ಚಾಲಕ ಟೋನಿ ರೋಪರ್ ಟೆಕ್ಸಾಸ್‌ನಲ್ಲಿ ಅಪಘಾತಕ್ಕೀಡಾಗಿ ಅಸುನೀಗಿದರು. ಆದರೂ ದೊಡ್ಡ ಬದಲಾವಣೆ ಆಗಲಿಲ್ಲ.

2001ರ ಫೆಬ್ರವರಿ 18ರಂದು ಡೇಟೋನಾ 500 ರೇಸ್‌ನ ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಅವರ ಕಾರು ಗೋಡೆಗೆ ಬಡಿಯಿತು. ಏಳು ಬಾರಿಯ ಚಾಂಪಿಯನ್ ಆಗಿದ್ದ ಅವರು ತಲೆಬುರುಡೆಯ ತಳಭಾಗ ಒಡೆದು ಸಾವನ್ನಪ್ಪಿದರು. ದೇಹವನ್ನು ಬೆಲ್ಟ್ ಹಿಡಿದಿಟ್ಟರೂ ತಲೆ ಮುಂದಕ್ಕೆ ಎಸೆದಂತಾಗಿ ಆಗುವ ಗಾಯ ಅದು. ಆ ಅಪಘಾತವೂ ನೋಡಲು ಅಷ್ಟೇನೂ ಭೀಕರವಾಗಿರಲಿಲ್ಲ.

ಅಲ್ಲಿಂದ ಸುಧಾರಣೆಗಳ ಸರಣಿಯೇ ಆರಂಭವಾಯಿತು. ತಲೆ ಮತ್ತು ಕುತ್ತಿಗೆಯನ್ನು ಹಿಡಿದಿಡುವ 'ಹ್ಯಾನ್ಸ್' ಮಾದರಿಯ ಸಾಧನ 2001ರ ಅಕ್ಟೋಬರ್‌ನಲ್ಲಿ ಕಡ್ಡಾಯವಾಯಿತು. ಹೊಡೆತದ ತೀವ್ರತೆಯನ್ನು ದಾಖಲಿಸುವ ಪೆಟ್ಟಿಗೆಗಳು 2002ರಿಂದ ಕಾರುಗಳಿಗೆ ಬಂದವು. ನೆಬ್ರಾಸ್ಕಾ-ಲಿಂಕನ್ ವಿಶ್ವವಿದ್ಯಾಲಯದ ಎಂಜಿನಿಯರ್‌ಗಳು ಉಕ್ಕಿನ ಕೊಳವೆ ಮತ್ತು ಫೋಮ್ ಬಳಸಿ 'ಸೇಫರ್' ಎಂಬ ತಡೆಗೋಡೆ ರೂಪಿಸಿದರು. ಕಾಂಕ್ರೀಟ್ ಗೋಡೆಯ ಮುಂದೆ ನಿಲ್ಲುವ ಈ ತಡೆ ಹೊಡೆತ ಬಿದ್ದಾಗ ಸ್ವಲ್ಪ ಒಳಕ್ಕೆ ಸರಿಯುತ್ತದೆ. 2002ರಲ್ಲಿ ಮೊದಲು ಇಂಡಿಯಾನಾಪೊಲಿಸ್ ಟ್ರ್ಯಾಕ್‌ನಲ್ಲಿ, ನಂತರ ಉಳಿದ ಕಡೆ ಇದನ್ನು ಅಳವಡಿಸಲಾಯಿತು.

2007ರಲ್ಲಿ 'ಕಾರ್ ಆಫ್ ಟುಮಾರೋ' ಬಂತು. ಚಾಲಕನ ಸೀಟು ಬಾಗಿಲಿನಿಂದ ದೂರ ಸರಿಯಿತು, ಚಾವಣಿ ಎತ್ತರವಾಯಿತು. ಓಡಿಸಲು ಇದು ಚೆನ್ನಾಗಿಲ್ಲ ಎಂದು ಚಾಲಕರು ಗೊಣಗಿದರು. ಬ್ರಿಸ್ಟಲ್‌ನಲ್ಲಿ ಇದರ ಮೊದಲ ರೇಸ್ ಗೆದ್ದ ಕೈಲ್ ಬುಷ್ (ಕರ್ಟ್ ಅವರ ತಮ್ಮ) ಗೆಲುವಿನ ವೇದಿಕೆಯಲ್ಲೇ ಕಾರನ್ನು ಹಳಿದಿದ್ದರು. ಆದರೆ ಅದು ಜೀವ ಉಳಿಸುವ ಕಾರು ಎಂಬುದರಲ್ಲಿ ತಕರಾರು ಇರಲಿಲ್ಲ. ಅರ್ನ್‌ಹಾರ್ಟ್ ನಂತರ ಕಪ್ ಸರಣಿಯ ರೇಸ್‌ಗಳಲ್ಲಿ ಯಾವ ಚಾಲಕನೂ ಸತ್ತಿಲ್ಲ.

'ನೆಕ್ಸ್ಟ್ ಜೆನ್' ಬಂದದ್ದು ಏಕೆ?

2022ರಲ್ಲಿ ಬಂದ 'ನೆಕ್ಸ್ಟ್ ಜೆನ್' ಏಳನೇ ತಲೆಮಾರಿನ ಕಾರು. ಒಂದು ವರ್ಷ ಮೊದಲೇ ಬರಬೇಕಿತ್ತು, ಕೋವಿಡ್‌ನಿಂದ ತಡವಾಯಿತು. ಮೊದಲು ದೊಡ್ಡ ತಂಡಗಳು ತಮ್ಮ ಚಾಸಿಸ್‌ಗಳನ್ನು ತಾವೇ ಮಾಡಿಕೊಳ್ಳುತ್ತಿದ್ದವು. ಹೊಸ ವ್ಯವಸ್ಥೆಯಲ್ಲಿ ಪ್ರತಿಯೊಂದು ಮುಖ್ಯ ಭಾಗಕ್ಕೂ ಒಬ್ಬನೇ ಪೂರೈಕೆದಾರ. ಎಲ್ಲ ತಂಡಗಳೂ ಅದನ್ನೇ ಕೊಳ್ಳಬೇಕು. ಖರ್ಚು ಇಳಿಸುವುದು, ಸಣ್ಣ ತಂಡಗಳಿಗೂ ಸಮಾನ ಅವಕಾಶ ಕೊಡುವುದು ಇದರ ಗುರಿ.

ಕಾರಿನ ಚೌಕಟ್ಟು ಮೂರು ಭಾಗಗಳಲ್ಲಿದೆ. ನಡುವೆ ಚಾಲಕ ಕೂರುವ ಗೂಡು. ಮುಂದಿನ ಮತ್ತು ಹಿಂದಿನ ಭಾಗಗಳನ್ನು ಅದಕ್ಕೆ ಬೋಲ್ಟ್ ಹಾಕಿ ಜೋಡಿಸಲಾಗುತ್ತದೆ. ಒಂದು ಭಾಗ ಹಾಳಾದರೆ ಅದನ್ನಷ್ಟೇ ಬದಲಿಸಬಹುದು. ಹಿಂದಿನ ಚಕ್ರಗಳಿಗೆ ಸ್ವತಂತ್ರ ಸಸ್ಪೆನ್ಷನ್, ಹಿಂಭಾಗದಲ್ಲೇ ಐದು ಗೇರ್‌ಗಳ ಗೇರ್‌ಬಾಕ್ಸ್, ನಡುವೆ ಒಂದೇ ನಟ್ ಇರುವ 18 ಇಂಚಿನ ಚಕ್ರ, ಲೋಹದ ತಗಡಿನ ಬದಲು ಕಾಂಪೋಸಿಟ್ ಹೊದಿಕೆ ಬಂದವು.

ಚಾಲಕನ ಗೂಡಿನೊಳಕ್ಕೆ ಏನೂ ನುಗ್ಗದಂತೆ ತಡೆಯುವಲ್ಲಿ ಕಾರು ಬಲಿಷ್ಠವಾಗಿತ್ತು. ಸಮಸ್ಯೆ ಎದ್ದದ್ದು ಹಿಂಭಾಗದಲ್ಲಿ.

ಚಾಲಕರ ದೂರು ಏನು?

ಹಳೆಯ ಕಾರು ಹಿಂಭಾಗದಿಂದ ಗೋಡೆಗೆ ಹೊಡೆದರೆ ಡಿಕ್ಕಿ ಅಪ್ಪಚ್ಚಿಯಾಗುತ್ತಿತ್ತು. ಹೊಸ ಕಾರಿನ ಹಿಂಭಾಗ ಅಷ್ಟು ಸುಲಭವಾಗಿ ಮಡಚಿಕೊಳ್ಳಲಿಲ್ಲ. ನೋಡಲು ಸಣ್ಣದೆನಿಸಿದ ಡಿಕ್ಕಿಗಳಲ್ಲೂ ದೊಡ್ಡ ಪೆಟ್ಟು ಬಿದ್ದ ಅನುಭವವಾಗುತ್ತಿದೆ ಎಂದು ಚಾಲಕರು 2022ರ ಉದ್ದಕ್ಕೂ ಹೇಳುತ್ತಾ ಬಂದರು.

ಸೆಪ್ಟೆಂಬರ್ 25ರಂದು ಟೆಕ್ಸಾಸ್ ರೇಸ್‌ನಲ್ಲಿ ಅಲೆಕ್ಸ್ ಬೋಮನ್ ಅವರ ಕಾರು ಹಿಂಭಾಗದಿಂದ ಗೋಡೆಗೆ ಬಡಿಯಿತು. ಬದುಕಿನಲ್ಲೇ ಇಷ್ಟು ಜೋರಾದ ಹೊಡೆತ ತಿಂದಿಲ್ಲ ಎಂದು ಅವರು ರೇಡಿಯೋದಲ್ಲಿ ತಂಡಕ್ಕೆ ತಿಳಿಸಿದರು. ಆದರೆ ಕಾರು ಓಡುವ ಸ್ಥಿತಿಯಲ್ಲಿತ್ತು. ಹಾಗಾಗಿ ರೇಸ್ ಮುಗಿಸಿದರು! ಕೆಲ ದಿನಗಳಲ್ಲೇ ಮಿದುಳಿಗೆ ಆಘಾತವಾಗಿರುವುದು ದೃಢಪಟ್ಟಿತು. ಪ್ರಶಸ್ತಿಯ ಹೋರಾಟದಲ್ಲಿದ್ದ ಅವರು ಐದು ರೇಸ್ ತಪ್ಪಿಸಿಕೊಂಡರು.

ಮರು ವಾರ ಟ್ಯಾಲಡೆಗಾದಲ್ಲಿ ಅಸಮಾಧಾನ ಸ್ಫೋಟಗೊಂಡಿತು. ಕಾರನ್ನು ಮರುವಿನ್ಯಾಸ ಮಾಡಬೇಕು ಎಂದು ಡೆನ್ನಿ ಹ್ಯಾಮ್ಲಿನ್ ಬಹಿರಂಗವಾಗಿ ಒತ್ತಾಯಿಸಿದರು. ಅವರು ಚಾಲಕ ಮಾತ್ರವಲ್ಲ, ಕರ್ಟ್ ಬುಷ್ ಓಡಿಸುತ್ತಿದ್ದ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ದಿಗ್ಗಜ ಮೈಕಲ್ ಜೋರ್ಡನ್ ಜತೆ ಮಾಲೀಕರೂ ಹೌದು. ಸುರಕ್ಷತೆಯಲ್ಲಿ ಹಿಂದಕ್ಕೆ ಹೋಗಿದ್ದೇವೆ ಎಂದು 2020ರ ಚಾಂಪಿಯನ್ ಚೇಸ್ ಎಲಿಯಟ್ ಕೂಡ ಬೇಸರಿಸಿದರು. ಸೆಪ್ಟೆಂಬರ್ ಮೊದಲ ವಾರ ಡಾರ್ಲಿಂಗ್‌ಟನ್‌ನಲ್ಲಿ ಕಾರಿಗೆ ಬೆಂಕಿ ಹತ್ತಿಕೊಂಡಾಗ ಕೆವಿನ್ ಹಾರ್ವಿಕ್ ಬಿಡಿಭಾಗಗಳ ಗುಣಮಟ್ಟವನ್ನೇ ಪ್ರಶ್ನಿಸಿದ್ದರು.

ಗಟ್ಟಿ ಕಾರು ಏಕೆ ಅಪಾಯ? ಸರಳ ಲೆಕ್ಕ

ಒಂದು ಕಾರು ಗೋಡೆಯ ದಿಕ್ಕಿಗೆ ಗಂಟೆಗೆ 54 ಕಿ.ಮೀ., ಅಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಡಿಯಿತು ಎಂದಿಟ್ಟುಕೊಳ್ಳಿ. ಕಾರಿನ ಲೋಹ 60 ಸೆಂ.ಮೀ. ಮಡಚಿಕೊಂಡು ನಿಂತರೆ ಒಳಗಿರುವವರ ಮೇಲೆ ಬೀಳುವ ಸರಾಸರಿ ಹೊಡೆತ ಸುಮಾರು 19 ಜಿ. ಅಂದರೆ ಗುರುತ್ವದ 19 ಪಟ್ಟು. ಅದೇ ಕಾರು 30 ಸೆಂ.ಮೀ. ಮಾತ್ರ ಮಡಚಿಕೊಂಡರೆ ಹೊಡೆತ 38 ಜಿ. ವೇಗ ಅದೇ, ಗೋಡೆ ಅದೇ. ನಿಲ್ಲಲು ಸಿಕ್ಕ ಜಾಗ ಅರ್ಧವಾದರೆ ಹೊಡೆತ ಎರಡು ಪಟ್ಟು.

ಕಾರಿನ ವೇಗದಲ್ಲಿರುವ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಲೋಹ ಅದನ್ನು ನುಂಗದಿದ್ದರೆ ಸೀಟು, ಬೆಲ್ಟ್ ದಾಟಿ ಕೊನೆಗೆ ಚಾಲಕನ ತಲೆಗೆ ತಲುಪುತ್ತದೆ. ಬೆಲ್ಟ್ ದೇಹವನ್ನು ಹಿಡಿಯಬಲ್ಲದು. ತಲೆಬುರುಡೆಯೊಳಗೆ ಅಲುಗಾಡುವ ಮಿದುಳನ್ನು ಹಿಡಿಯಲು ಯಾವ ಬೆಲ್ಟೂ ಇಲ್ಲ.

ಹಾಗೆಂದು ಇಡೀ ಕಾರನ್ನು ಮೆತ್ತಗೆ ಮಾಡುವಂತಿಲ್ಲ. ಚಾಲಕನ ಸುತ್ತಲಿನ ಗೂಡು ಬಾಗಬಾರದು, ಅದರ ಆಚೆಯ ಭಾಗಗಳು ಬಾಗಬೇಕು. ಎಲ್ಲಿ ಗಟ್ಟಿ, ಎಲ್ಲಿ ಮೃದು ಎಂಬ ಹದವೇ ಸುರಕ್ಷತಾ ವಿನ್ಯಾಸದ ಮೂಲ.

ನಾಸ್ಕಾರ್ ಏನು ಮಾಡಿತು?

ಹಿಂಭಾಗದ ಕುರಿತ ಕೆಲಸ ಮೊದಲೇ ಶುರುವಾಗಿದೆ ಎಂಬುದು ನಾಸ್ಕಾರ್ ಸಮರ್ಥನೆಯಾಗಿತ್ತು. 2022ರ ಅಕ್ಟೋಬರ್ ಮೊದಲ ವಾರ ಓಹಾಯೊ ರಾಜ್ಯದ ಪರೀಕ್ಷಾ ಕೇಂದ್ರದಲ್ಲಿ ಬದಲಾಯಿಸಿದ ಹಿಂಭಾಗವನ್ನು ಗೋಡೆಗೆ ಡಿಕ್ಕಿ ಹೊಡೆಸಿ ಪರೀಕ್ಷಿಸಲಾಯಿತು. ಅದೇ ವಾರಾಂತ್ಯ ಷಾರ್ಲಟ್‌ನಲ್ಲಿ ಅಧಿಕಾರಿಗಳು ಚಾಲಕರೊಂದಿಗೆ ಸುದೀರ್ಘ ಸಭೆ ನಡೆಸಿದರು. 2023ರ ಕಾರಿಗೆ ಹೆಚ್ಚು ಮಡಚಿಕೊಳ್ಳುವ ಹಿಂಭಾಗ ಮತ್ತು ಹೊಸ ಬಂಪರ್ ರಚನೆ ಬಂದವು.

ಆದರೆ ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಪ್ರಶ್ನೆ ಎದ್ದಿತು. 2023ರ ಏಪ್ರಿಲ್‌ನಲ್ಲಿ ಟ್ಯಾಲಡೆಗಾದಲ್ಲಿ ರಯಾನ್ ಪ್ರೀಸ್ ಅವರ ಕಾರು ಕೈಲ್ ಲಾರ್ಸನ್ ಅವರ ಕಾರಿನ ಬಲಬದಿಗೆ ಗುದ್ದಿ, ಗೂಡಿನ ಕೊಳವೆಗಳೇ ಬಾಗಿದವು. ಲಾರ್ಸನ್ ಪಾರಾದರು. ನಾಸ್ಕಾರ್ ಎರಡೂ ಕಾರುಗಳನ್ನು ವಶಕ್ಕೆ ಪಡೆದು ಪರಿಶೀಲಿಸಿತು. ಆನಂತರ ಬಲಬದಿಯ ರಚನೆಯನ್ನು ಬಲಪಡಿಸಿ, ಮುಂಭಾಗವನ್ನು ಮೃದುಗೊಳಿಸಲಾಯಿತು.

ನಂತರದ್ದು ಪಲ್ಟಿಗಳ ಸಮಸ್ಯೆ. 2023ರ ಆಗಸ್ಟ್‌ನಲ್ಲಿ ಡೇಟೋನಾದಲ್ಲಿ ಪ್ರೀಸ್ ಅವರ ಕಾರೇ ಗಾಳಿಗೆ ಹಾರಿ ಹಲವು ಬಾರಿ ಉರುಳಿತು. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದ ಅವರು ಮರು ವಾರ ರೇಸ್‌ಗೆ ಇಳಿದರು. 2024ರ ಆಗಸ್ಟ್‌ನಲ್ಲಿ ಮಿಷಿಗನ್‌ನಲ್ಲಿ ಕೋರಿ ಲಜಾಯ್ ಅವರ ಕಾರು ಮಗುಚಿತು. ಗಾಳಿಯ ಹರಿವು ತಡೆಯಲು ಹಿಂದಿನ ಕಿಟಕಿಯ ಬಲಬದಿಗೆ ಹೊಸ ಪಟ್ಟಿ ಅಳವಡಿಸಿ ಡೇಟೋನಾಕ್ಕೆ ಹೋದರೆ ಅಲ್ಲಿ ಜೋಷ್ ಬೆರಿ ಅವರ ಕಾರು ತಲೆಕೆಳಗಾಯಿತು. 2025ರ ಡೇಟೋನಾ 500ರಲ್ಲಿ ಪ್ರೀಸ್ ಮತ್ತೆ ಪಲ್ಟಿಯಾದರು. ಈ ಬಾರಿ ನಡೆದುಕೊಂಡೇ ಹೊರಬಂದರು. ಗೂಡು ತನ್ನ ಕೆಲಸ ಮಾಡಿತ್ತು. ಆದರೆ ಕಾರು ನೆಲ ಬಿಟ್ಟು ಏಳುವುದನ್ನು ತಡೆಯುವುದು ಹೇಗೆಂಬ ಪ್ರಶ್ನೆ ಹಾಗೇ ಉಳಿಯಿತು.

ಚಾಲಕರ ಪರ ಮಾತಾಡುವವರು ಯಾರು?

ಬೇರೆ ಕ್ರೀಡೆಗಳಲ್ಲಿರುವಂತೆ ನಾಸ್ಕಾರ್ ಚಾಲಕರಿಗೆ ಕಾರ್ಮಿಕ ಸಂಘ ಇಲ್ಲ. 1961ರಲ್ಲಿ ಸಂಘ ಕಟ್ಟಲು ಹೊರಟ ಕರ್ಟಿಸ್ ಟರ್ನರ್ ಅವರಿಗೆ ಬಿಲ್ ಫ್ರಾನ್ಸ್ ಆಜೀವ ನಿಷೇಧ ಹೇರಿದ್ದರು. 1965ರಲ್ಲಿ ಅದು ತೆರವಾಯಿತು. 1969ರಲ್ಲಿ ಟ್ಯಾಲಡೆಗಾದ ಮೊದಲ ರೇಸ್‌ನಲ್ಲಿ ಟೈರ್‌ಗಳು ಆ ವೇಗ ತಡೆಯುವುದಿಲ್ಲ ಎಂದು ರಿಚರ್ಡ್ ಪೆಟ್ಟಿ ನೇತೃತ್ವದಲ್ಲಿ ಪ್ರಮುಖ ಚಾಲಕರು ಬಹಿಷ್ಕಾರ ಹಾಕಿದರು. ಉಳಿದವರನ್ನು ಇಟ್ಟುಕೊಂಡು ರೇಸ್ ನಡೆಸಲಾಯಿತು.

2022ರಲ್ಲಿ ಮಾಜಿ ಚಾಲಕ ಜೆಫ್ ಬರ್ಟನ್ ಮುಂದಾಳತ್ವದಲ್ಲಿ ಚಾಲಕರ ಸಲಹಾ ಮಂಡಳಿ ಕೆಲಸ ಆರಂಭಿಸಿತು. ಆದರೂ ಒಂದು ಇಕ್ಕಟ್ಟು ತಪ್ಪಿಲ್ಲ. ತಲೆಸುತ್ತು, ಮಂಕು ಎಂದು ಬಾಯಿಬಿಟ್ಟು ಹೇಳಿದ ಚಾಲಕ ರೇಸ್ ಕಳೆದುಕೊಳ್ಳುತ್ತಾನೆ, ಸೀಟೂ ಕೈತಪ್ಪಬಹುದು. ಹೇಳದಿದ್ದರೆ ಎರಡನೇ ಪೆಟ್ಟಿನ ಅಪಾಯ. ಡೇಲ್ ಅರ್ನ್‌ಹಾರ್ಟ್ ಜೂನಿಯರ್ 2012ರಲ್ಲಿ ಎರಡು ರೇಸ್, 2016ರಲ್ಲಿ ಅರ್ಧ ಋತುವನ್ನೇ ಇದೇ ಕಾರಣಕ್ಕೆ ಬಿಟ್ಟುಕೊಟ್ಟು ವಿಷಯವನ್ನು ಮುಕ್ತವಾಗಿ ಚರ್ಚೆಗೆ ತಂದರು. ಕಾಲು ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಇಂಥ ಆಘಾತದಲ್ಲಿ ವೈದ್ಯರು ಬಹುಪಾಲು ಚಾಲಕನ ಮಾತನ್ನೇ ನೆಚ್ಚಿಕೊಳ್ಳಬೇಕು.

ನಮ್ಮ ರಸ್ತೆಗೂ ಇದೇ ಪಾಠ

ಅಪಘಾತದ ಬಳಿಕ ಬಂಪರ್ ನಜ್ಜುಗುಜ್ಜಾದ ಕಾರನ್ನು ನೋಡಿ 'ತಗಡು ಡಬ್ಬ' ಎನ್ನುವುದು, ಏನೂ ಆಗದ ಹಳೆಯ ಗಾಡಿಯನ್ನು 'ಕಬ್ಬಿಣ' ಎಂದು ಹೊಗಳುವುದು ನಮ್ಮಲ್ಲೂ ರೂಢಿ. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಬೇರೆಯದನ್ನೇ ಅಳೆಯುತ್ತದೆ. ಗಂಟೆಗೆ 64 ಕಿ.ಮೀ. ವೇಗದ ಮುಂಭಾಗದ ಡಿಕ್ಕಿಯಲ್ಲಿ ಬಾನೆಟ್ ಎಷ್ಟು ಚೆನ್ನಾಗಿ ಉಳಿಯಿತು ಎಂಬುದಕ್ಕೆ ಅಲ್ಲಿ ಅಂಕವಿಲ್ಲ. ಒಳಗಿನ ಬೊಂಬೆಯ ತಲೆ, ಕುತ್ತಿಗೆ, ಎದೆಗೆ ಎಷ್ಟು ಪೆಟ್ಟಾಯಿತು ಎಂಬುದಕ್ಕೆ ಅಂಕ.

ಕರ್ಟ್ ಬುಷ್ ಮತ್ತು ಅಲೆಕ್ಸ್ ಬೋಮನ್ ಅವರ ಅಪಘಾತಗಳು ಹೇಳಿದ್ದೂ ಅದನ್ನೇ. ರಿಪೇರಿ ಬಿಲ್ ಕಡಿಮೆ ಬಂದಿತೆಂದ ಮಾತ್ರಕ್ಕೆ ಕಾರು ಸುರಕ್ಷಿತ ಎನ್ನಲಾಗದು. ಪರೀಕ್ಷಾ ಕೇಂದ್ರದ ಉಪಕರಣಗಳಷ್ಟೇ ಸೀಟಿನಲ್ಲಿ ಕೂತವನ ದೂರನ್ನೂ ದಾಖಲೆ ಎಂದು ಪರಿಗಣಿಸಬೇಕು ಎಂಬುದನ್ನು ನಾಸ್ಕಾರ್ ಒಪ್ಪಿಕೊಂಡದ್ದು ಇಬ್ಬರು ಚಾಲಕರು ಸೀಟು ಖಾಲಿ ಮಾಡಿದ ಮೇಲೆ. ಬೋಮನ್ ಆ ಋತುವಿನ ಕೊನೆಯ ರೇಸ್‌ಗೆ ವಾಪಸಾದರು. ಬುಷ್ ಮರಳಲಿಲ್ಲ.