ಎರೆಭೂಮಿಯ ಹಾದಿಗಳು

ಧಾರವಾಡದ ಸೀಮೆಯ ನೆಲವು ಎರಡು ಬಗೆಯದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಪಡುವಣಕ್ಕೆ ಮಲೆನಾಡಿನ ಸೆರಗು, ಕೆಂಪು ಮಸಾರಿ; ಹುಬ್ಬಳ್ಳಿಯನ್ನು ದಾಟಿ ಅಣ್ಣಿಗೇರಿ, ನವಲಗುಂದ, ನರಗುಂದಗಳತ್ತ ನಡೆದಂತೆ ಕಣ್ಣು ಮುಟ್ಟುವವರೆಗೂ ಕರಿಯ ಎರೆ. ಈ ಎರೆಯು ಒಕ್ಕಲಿಗನ ಪಾಲಿಗೆ ಕಾಮಧೇನು. ಹಾದಿ ಕಟ್ಟುವವನ ಪಾಲಿಗೆ ಹಗೆ. ಬೇಸಗೆಯಲ್ಲಿ ಕಾಲು ಸಿಗುವಷ್ಟು ಬಿರುಕು ಬಿಟ್ಟ ನೆಲವೇ ಮಳೆ ಹಿಡಿದೊಡನೆ ಉಬ್ಬಿ, ನಾದಿದ ಹಿಟ್ಟಿನಂತಾಗಿ, ಚಕ್ಕಡಿಯ ಗಾಲಿಯನ್ನು ಅಚ್ಚಿನವರೆಗೂ ನುಂಗುವುದು. ಬೇನೆ ಹತ್ತಿದ ಬಸುರಿಯನ್ನು ಅಂಥ ದಿನ ಪಟ್ಟಣದ ದವಾಖಾನೆಗೆ ಸಾಗಿಸಬೇಕಾಗಿ ಬಂದ ಹಳ್ಳಿಗೆ ಹಾದಿಯ ಮಾತು ಪ್ರಾಣದ ಮಾತೇ ಸರಿ.

ಈ ಸೀಮೆಯ ದೊಡ್ಡ ಹಾದಿಗಳ ಚರಿತ್ರೆಯು ಬಹುಮಟ್ಟಿಗೆ ಹತ್ತಿಯ ಚರಿತ್ರೆಯಾಗಿದೆ. 1840ರ ದಶಕದಲ್ಲಿ ಕಂಪನಿ ಸರಕಾರವು ಅಮೇರಿಕೆಯ ಬೀಜವನ್ನು ತರಿಸಿ ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಬೆಳೆಸಿ ನೋಡಿತು. ಬೆಳೆಯೇನೋ ಒಗ್ಗಿತು. ಆದರೆ ಅಂಡಿಗೆಗಳು ಘಟ್ಟವಿಳಿದು ಕುಮಟೆಯ ಬಂದರವನ್ನು ಸೇರಬೇಕಲ್ಲ! ಮಳೆಗಾಲದಲ್ಲಿ ಎರೆಯ ಮೇಲೆ ಬಂಡಿ ಓಡದು. ಒಣ ತಿಂಗಳುಗಳಲ್ಲಿ ಸಾಗಿದಷ್ಟೇ ವ್ಯಾಪಾರ. 1861ರಿಂದ 1865ರ ವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಅರಳೆಯು ನಿಂತಾಗ ಇಂಗ್ಲಂಡದ ಗಿರಣಿಗಳ ಕಣ್ಣು ನಮ್ಮ ಎರೆಯ ಮೇಲೆ ಬಿದ್ದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ ಇಲಾಖೆಯಿಂದ ಬಿಡಿಸಿ ಮುಂಬಯಿಗೆ ಜೋಡಿಸಿದುದು ಈ ಹತ್ತಿಗೆ ಕಾರವಾರದ ಬಂದರವನ್ನು ಅನುಕೂಲ ಮಾಡಿಕೊಡಬೇಕೆಂಬ ಹವಣಿಕೆಯಿಂದಲೇ. ರಾಜ್ಯದ ಎಲ್ಲೆಗಳೇ ಅರಳೆಗಾಗಿ ಸರಿದವು. ಎರೆ ಮಾತ್ರ ತನ್ನ ಸ್ವಭಾವವನ್ನು ಬಿಡಲಿಲ್ಲ. ಗುಡ್ಡದಿಂದ ಗರಸು ಹೇರಿ ತಂದು ಸುರಿದರೆ, ಅಡಿಯ ಮಣ್ಣು ನೆನೆದ ವರುಷ ಆ ಗರಸೂ ಅದರೊಳಗೆ ಇಳಿಯುವುದು. 1880ರ ದಶಕದಲ್ಲಿ ಉಗಿಬಂಡಿ ಬಂದ ಮೇಲೆ ದೂರದ ಸಾಗಾಣಿಕೆಯ ತೊಂದರೆ ತೀರಿತು. ಹಳ್ಳಿಯಿಂದ ಠಾಣ್ಯದವರೆಗಿನ ಕೆಸರು ಹಾಗೆಯೇ ಉಳಿಯಿತು.

ಇಲ್ಲಿ ಒಂದು ಶಾಸ್ತ್ರದ ಮಾತನ್ನು ಎತ್ತುವುದು ಅಪ್ರಸ್ತುತವಾಗಲಾರದು. ಶುಕ್ರನೀತಿಯ ಮೊದಲನೆಯ ಅಧ್ಯಾಯದಲ್ಲಿ ರಾಜಮಾರ್ಗದ ವಿಷಯವು ಬಂದಿದೆ. ಹಾದಿಯು ಆಮೆಯ ಬೆನ್ನಿನಂತೆ ನಡುವೆ ಉಬ್ಬಿರತಕ್ಕದ್ದು; ನೀರು ಹರಿದು ಹೋಗಲು ಎರಡೂ ಪಕ್ಕದಲ್ಲಿ ಕಾಲುವೆ ತೋಡತಕ್ಕದ್ದು; ಪ್ರತಿವರ್ಷವೂ ಸುಧೆಯಿಂದ, ಎಂದರೆ ಸುಣ್ಣದಿಂದ, ಮತ್ತು ಶರ್ಕರೆಯಿಂದ, ಎಂದರೆ ಗರಸಿನಿಂದ, ಅದನ್ನು ಗಟ್ಟಿಮಾಡತಕ್ಕದ್ದು ಎಂಬುದು ಅದರ ಅಭಿಪ್ರಾಯ. ಸೆರೆಯಾಳುಗಳಿಂದಲೋ ಗ್ರಾಮಸ್ಥರಿಂದಲೋ ಕೆಲಸ ಮಾಡಿಸಬೇಕೆಂಬುದನ್ನು ಇಂದು ಯಾರೂ ಒಪ್ಪಲಾರರು. ಮದ್ದುಗುಂಡುಗಳ ವರ್ಣನೆಯೂ ಈ ಗ್ರಂಥದಲ್ಲಿರುವುದರಿಂದ ಕೆಲವು ಪಂಡಿತರು ಇದನ್ನು 19ನೆಯ ಶತಮಾನದಷ್ಟು ಈಚಿನದೆನ್ನುತ್ತಾರೆ. ಎಲ್ಲವನ್ನೂ ನಮ್ಮ ಋಷಿಗಳೇ ಕಂಡಿದ್ದರೆಂದು ಹೆಮ್ಮೆಪಡುವವರು ಇದನ್ನು ಮರೆಯಬಾರದು. ಕಾಲವು ಯಾವುದೇ ಇರಲಿ, ನೀರನ್ನು ಕಳೆಯುವುದು, ಸುಣ್ಣವನ್ನು ಕೂಡಿಸುವುದು, ವರುಷವರುಷವೂ ನೋಡಿಕೊಳ್ಳುವುದು, ಈ ಮೂರನ್ನೂ ಗ್ರಂಥಕಾರನು ಒಂದೆಡೆಯಲ್ಲಿಯೇ ಹೇಳಿರುವನು.

ಸುಣ್ಣವು ಎರೆಯನ್ನು ಪಳಗಿಸುವ ಬಗೆಯನ್ನು ಆಧುನಿಕ ವಿಜ್ಞಾನವು ಸ್ಪಷ್ಟಪಡಿಸಿದೆ. ಎರೆಯ ಜೀವಾಳವಾದ ಜೇಡಿಗೆ ಫ್ರಾನ್ಸ್ ದೇಶದ ಮೊಂಮೊರಿಯೊಂ ಎಂಬ ಊರಿನ ಮೇಲಿಂದ 1847ರಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂದು ಹೆಸರಿಟ್ಟರು. ಅದು ಕಣ್ಣಿಗೆ ಕಾಣದಷ್ಟು ತೆಳುವಾದ ಹಾಳೆಗಳ ಕಟ್ಟು. ನೀರು ಆ ಹಾಳೆಗಳ ನಡುವೆ ನುಗ್ಗಿ ಅವುಗಳನ್ನು ಅಗಲಿಸುವುದೇ ಉಬ್ಬರ. ಆರಿದಾಗ ಅವು ಮರಳಿ ಕೂಡುವುದೇ ಬಿರುಕು. ಸುಟ್ಟ ಸುಣ್ಣವನ್ನು ಕೂಡಿಸಿದರೆ ಅದರೊಳಗಿನ ಕ್ಯಾಲ್ಸಿಯಂ ಹಾಳೆಗಳಿಗೆ ಅಂಟಿಕೊಂಡು ನೀರಿನ ಪ್ರವೇಶವನ್ನು ಕಡಿಮೆ ಮಾಡುತ್ತದೆ; ಅಂಟುಮಣ್ಣು ಕೆಲವೇ ಗಂಟೆಗಳಲ್ಲಿ ಪುಡಿಪುಡಿಯಾಗುತ್ತದೆ. ಅನಂತರ ತಿಂಗಳುಗಟ್ಟಲೆ ಸುಣ್ಣವೂ ಜೇಡಿಯೂ ಬೆರೆತು ಸಿಮೆಂಟಿನಂಥ ಬಂಧವು ಬೆಳೆಯುತ್ತದೆ. ಒಣಮಣ್ಣಿನ ನೂರು ಪಾಲಿಗೆ ಸಾಮಾನ್ಯವಾಗಿ 3ರಿಂದ 8 ಪಾಲು ಸುಣ್ಣ ಸಾಕು. ಹೆಂಟೆ ಒಡೆದು, ಸಮನಾಗಿ ಕಲಸಿ, ಹದವಾದ ತೇವದಲ್ಲಿ ರೋಲರಿನಿಂದ ಬಿಗಿದು, ಕೆಲವು ದಿನ ಆರದಂತೆ ಕಾಯಬೇಕು. 20ನೆಯ ಶತಮಾನದ ನಡುಭಾಗದಲ್ಲಿ ಅಮೇರಿಕೆಯ ಟೆಕ್ಸಾಸ್ ಪ್ರಾಂತದವರು ತಮ್ಮ ಕರಿಮಣ್ಣಿನ ಹಾದಿಗಳಿಗೆ ಇದನ್ನೇ ವಿಶೇಷವಾಗಿ ರೂಢಿಗೆ ತಂದರು. ಅದೂ ಹತ್ತಿಯ ನಾಡೇ!

ನಮ್ಮ ಎರೆಹೊಲಗಳಲ್ಲಿ ಸುಣ್ಣದ ಹರಳು ಹೇರಳವಾಗಿ ಸಿಕ್ಕುವುದಲ್ಲ, ಬೇರೆ ಸುಣ್ಣವೇಕೆ ಎಂದು ಕೆಲವರು ಕೇಳಬಹುದು. ಹರಳು ಸುಡದ ಸುಣ್ಣ. ಭಟ್ಟಿಯಲ್ಲಿ ಸುಟ್ಟ ಹೊರತು ಅದಕ್ಕೆ ಈ ಗುಣ ಬಾರದು. ಸುಟ್ಟ ಸುಣ್ಣವೂ ಬಯಲಲ್ಲಿ ಬಹಳ ದಿನ ಬಿದ್ದರೆ ಗಾಳಿಯ ಅಂಗಾರಾಮ್ಲವನ್ನು ಹೀರಿ ಮತ್ತೆ ಮೊದಲಿನಂತೆ ಜಡವಾಗುವುದು. ಚೀಲದ ಲೆಕ್ಕ ಸರಿಯಿದ್ದರೂ ಹಾದಿ ಕೆಡುವುದಕ್ಕೆ ಇದೊಂದು ಕಾರಣ.

ಅಡಿಯ ಮಣ್ಣನ್ನೇ ಗಟ್ಟಿಮಾಡಿಕೊಳ್ಳುವುದರಿಂದ ಗುಡ್ಡಗಳನ್ನು ಅಗೆದು ದೂರದಿಂದ ಗರಸು ತರುವ ವೆಚ್ಚವೂ ಉಳಿಯುವುದು, ಗುಡ್ಡಗಳೂ ಉಳಿಯುವುವು. ಆದರೆ ನನ್ನ ಎಣಿಕೆಯಲ್ಲಿ ಸುಣ್ಣಕ್ಕಿಂತ ಮೊದಲು ಬರುವುದು ಪಕ್ಕದ ಕಾಲುವೆ. ಮುಂಗಾರಿನಲ್ಲಿ ನವಲಗುಂದದ ಕಡೆಯ ಯಾವುದಾದರೊಂದು ಹಳ್ಳಿಯ ಹಾದಿಯನ್ನು ನೋಡಿರಿ. ಹೊಲದವನು ಗಳೆಯನ್ನು ಹಾದಿಯ ಅಂಚಿನವರೆಗೂ ಹೊಡೆದು ಕಾಲುವೆಯನ್ನು ಹೊಲದೊಳಗೆ ಸೇರಿಸಿಕೊಂಡಿರುವನು. ಊರ ಬಳಿ ಅದು ಕಸದಿಂದ ತುಂಬಿರುವುದು. ನೀರು ಹಾದಿಯ ಬುಡದಲ್ಲಿಯೇ ವಾರಗಟ್ಟಲೆ ನಿಲ್ಲುತ್ತದೆ. ಅಲ್ಲಿ ಮೇಲಿನ ಡಾಂಬರು ಮೊದಲು ಅಂಚಿನಲ್ಲಿ ಉದ್ದಕ್ಕೆ ಸೀಳುವುದು. ಆಮೇಲೆ ಆ ಸೀಳಿನಿಂದ ನೀರಿಳಿದು ನಡುಭಾಗವೂ ಕುಸಿಯುವುದು.