ನಿರ್ದೇಶಕನ ಶೀಲವೂ ಸಾಕ್ಷ್ಯಚಿತ್ರದ ನ್ಯಾಯವೂ: ‘ಬರ್ಡನ್ ಆಫ್ ಡ್ರೀಮ್ಸ್’ ಕುರಿತು ಒಂದು ವಿವೇಚನೆ

ಉಗ್ರಸ್ವಭಾವದ ಚಿತ್ರನಿರ್ದೇಶಕನೊಬ್ಬನ ಶೀಲವನ್ನು ಸಾಕ್ಷ್ಯಚಿತ್ರವು ನ್ಯಾಯವಾಗಿ ನಿರೂಪಿಸಬಲ್ಲುದೇ ಎಂಬ ಪ್ರಶ್ನೆಗೆ, ಗುಣದೋಷಗಳನ್ನು ತಕ್ಕಡಿಯಲ್ಲಿಟ್ಟು ಸರಿತೂಗಿಸಿದರೆ ನ್ಯಾಯ ಸಂದಿತೆಂದು ಉತ್ತರಿಸುವವರುಂಟು. ಕವಿಯ ಅಥವಾ ಚಿತ್ರಕಾರನ ವಿಷಯದಲ್ಲಿ ಈ ಉತ್ತರ ಸಾಕಾದೀತೇನೋ. ನಿರ್ದೇಶಕನ ವಿಷಯದಲ್ಲಿ ಸಾಲದು. ಅವನ ಹಟವು ಅವನ ಏಕಾಂತದಲ್ಲಿ ಹುಟ್ಟಿ ಅಲ್ಲಿಯೇ ಅಡಗುವಂಥದಲ್ಲ. ನೂರಾರು ಜನರ ಕೂಲಿಯನ್ನೂ ನಿದ್ದೆಯನ್ನೂ ಕೆಲವೊಮ್ಮೆ ಪ್ರಾಣವನ್ನೂ ಪಣಕ್ಕೊಡ್ಡಿಯೇ ಅದು ಸಿದ್ಧಿಗೆ ಬರುವುದು. ಆದುದರಿಂದ ಅವನ ಶೀಲಕ್ಕೆ ಪ್ರಮಾಣವನ್ನು ಆ ಹಟದ ಬೆಲೆ ತೆತ್ತವರ ಬಳಿ ಅರಸಬೇಕೆಂದೂ, ಅವರಿಗೆ ತೆರೆಯ ಮೇಲೆ ಎಷ್ಟು ಹೊತ್ತು ದೊರೆಯಿತೆಂಬುದರಿಂದಲೇ ಸಾಕ್ಷ್ಯಚಿತ್ರದ ನ್ಯಾಯವನ್ನು ಅಳೆಯಬೇಕೆಂದೂ ನನ್ನ ಅಭಿಪ್ರಾಯ. ಇದನ್ನು ಪರೀಕ್ಷಿಸಲು ಜರ್ಮನಿಯ ವೆರ್ನರ್ ಹೆರ್ಜಾಗರ ‘ಫಿಟ್ಸ್‌ಕರಾಲ್ಡೊ’ ಚಿತ್ರದ ನಿರ್ಮಾಣವನ್ನು ದಾಖಲಿಸಿದ, ಅಮೆರಿಕದ ಲೆಸ್ ಬ್ಲಾಂಕರ 1982ರ ‘ಬರ್ಡನ್ ಆಫ್ ಡ್ರೀಮ್ಸ್’ ತಕ್ಕ ಉದಾಹರಣೆ.

ಪೆರು ದೇಶದ ಅರಣ್ಯದಲ್ಲಿ ಸಂಗೀತನಾಟಕಶಾಲೆಯೊಂದನ್ನು ಕಟ್ಟುವ ಕನಸು ಹೊತ್ತವನೊಬ್ಬನು, ಅದಕ್ಕೆ ಬೇಕಾದ ಹಣವನ್ನು ರಬ್ಬರಿನಿಂದ ಗಳಿಸಲೆಂದು, ಒಂದು ನದಿಯಿಂದ ಇನ್ನೊಂದು ನದಿಗೆ ಗುಡ್ಡದ ಮೇಲೆ ಹಡಗನ್ನು ಎಳೆಸುವುದು ‘ಫಿಟ್ಸ್‌ಕರಾಲ್ಡೊ’ದ ಕಥೆ. ಕಥೆಗೆ ಮೂಲನಾದ ಐತಿಹಾಸಿಕ ವ್ಯಕ್ತಿಯು ತನ್ನ ಚಿಕ್ಕ ಹಡಗನ್ನು ಬಿಚ್ಚಿ ಭಾಗಭಾಗವಾಗಿ ಸಾಗಿಸಿದ್ದನು. ಹೆರ್ಜಾಗರೋ 300 ಟನ್ನಿಗೂ ಮಿಕ್ಕ ಹಡಗನ್ನು ಇಡಿಯಾಗಿಯೇ ಎಳೆಸತಕ್ಕದ್ದೆಂದು ಸಂಕಲ್ಪಿಸಿದರು. ನಾಯಕನಟ ಜೇಸನ್ ರಾಬರ್ಡ್ಸ್ ಆಮಶಂಕೆಯಿಂದ ಹಾಸಿಗೆ ಹಿಡಿದು ಹೊರಟುಹೋದದ್ದು, ಸಹನಟ ಮಿಕ್ ಜ್ಯಾಗರ್ ಬಿಟ್ಟುಹೋದದ್ದು, ನಾಯಕನ ಪಾತ್ರಕ್ಕೆ ಕ್ಲೌಸ್ ಕಿನ್ಸ್ಕಿಯನ್ನು ಕರೆಸಿ ಮೊದಲಿನಿಂದ ಚಿತ್ರೀಕರಣ ಆರಂಭಿಸಿದ್ದು ಸುವಿದಿತ.

ಬ್ಲಾಂಕರ ಚಿತ್ರದಲ್ಲಿ ನನ್ನ ವಾದಕ್ಕೆ ಮುಖ್ಯವಾದ ಭಾಗವೊಂದಿದೆ. ಹಡಗನ್ನೆಳೆಯುವ ಯಂತ್ರವ್ಯವಸ್ಥೆಯನ್ನು ರೂಪಿಸಿದ ಬ್ರೆಜಿಲಿನ ಎಂಜಿನಿಯರರ ಲೆಕ್ಕವು 20 ಡಿಗ್ರಿಯ ಇಳಿಜಾರಿಗೆ ಹೊಂದಿಸಿದ್ದು; ಹೆರ್ಜಾಗರು ಬಯಸಿದ್ದು 40 ಡಿಗ್ರಿ. ಆಧಾರಕಂಬ ಕಿತ್ತುಬಂದರೆ ಕೆಳಗೆ ದುಡಿಯುವ ಎಷ್ಟೋ ಜನ ಸಾಯುವರೆಂದು ಆ ಎಂಜಿನಿಯರರು ಎಚ್ಚರಿಸಿ, ಕೊನೆಗೆ ಕೆಲಸವನ್ನೇ ತೊರೆದು ನಡೆದರು. ಇಲ್ಲಿ ಬ್ಲಾಂಕರು ಯಾರನ್ನೂ ದೂಷಿಸುವುದಿಲ್ಲ; ಕೆಸರಿನಲ್ಲಿ ಜಾರುವ ಕಾಲುಗಳನ್ನೂ, ಬಿಗಿದ ಉಕ್ಕಿನ ಹಗ್ಗವನ್ನೂ, ರಾಟೆಯ ತೊಲೆಗಳಿಗೆ ಎದೆಗೊಟ್ಟು ಸುತ್ತುತ್ತಿರುವ ಅರಣ್ಯವಾಸಿಗಳನ್ನೂ ತೋರಿಸುತ್ತಾರೆ. ಹೆರ್ಜಾಗರು ಅರಣ್ಯದ ಕ್ರೌರ್ಯವನ್ನು ಕುರಿತು ಕಾವ್ಯಮಯವಾಗಿ ಮಾತನಾಡುವ ಪ್ರಸಿದ್ಧ ಭಾಗವೂ ಈ ಚಿತ್ರದಲ್ಲಿದೆ. ಪ್ರೇಕ್ಷಕರು ನೆನಪಿಟ್ಟುಕೊಳ್ಳುವುದು ಆ ಮಾತನ್ನು. ನಾನು ಹೆಚ್ಚು ಬೆಲೆ ಕೊಡುವುದು ಆ ಕಾಲುಗಳ ಚಿತ್ರಕ್ಕೆ.

ಇನ್ನೂ ಒಂದು ವಿವರ ವಿಚಾರಾರ್ಹವಾಗಿದೆ. ಸ್ಥಳೀಯ ಹೆಂಗಸರು ಮರಗೆಣಸನ್ನು ಬೇಯಿಸಿ ಜಜ್ಜಿ, ಬಾಯಲ್ಲಿ ಅಗಿದು ಉಗುಳಿ, ಹುಳಿಬರಿಸಿ ಮಸಾತೊ ಎಂಬ ಪಾನೀಯವನ್ನು ಮಾಡುವ ಕ್ರಿಯೆಯನ್ನು ಬ್ಲಾಂಕರು ಸಾವಧಾನವಾಗಿ ತೋರಿಸುತ್ತಾರೆ. ಸಂಕಲನಕಾರ್ತಿ ಮೌರೀನ್ ಗಾಸ್ಲಿಂಗರು ಅದನ್ನು ಕತ್ತರಿಸದೆ ಉಳಿಸಿಕೊಂಡಿದ್ದಾರೆ. ಮೇಲ್ನೋಟಕ್ಕೆ ಇದು ಹೆರ್ಜಾಗರಿಗೆ ಸಂಬಂಧಪಡದ ಪ್ರಸಂಗ. ಆದರೆ ತಮ್ಮದೇ ಆದ ಆಹಾರ, ನಗೆ, ಬಾಳುವೆಗಳುಳ್ಳ ಜನಾಂಗವೊಂದರ ನಡುವೆ ಈ ಹಟ ಬಂದಿಳಿದಿದೆಯೆಂಬ ಅರಿವು ನಮಗೆ ಉಂಟಾಗುವುದು ಇಂತಹ ಪ್ರಸಂಗಗಳಿಂದಲೇ. ಅದಿಲ್ಲದಿದ್ದರೆ ಆ ಜನರು ನಿರ್ದೇಶಕನ ಸಾಹಸಕ್ಕೆ ಹಿನ್ನೆಲೆಯಾಗಿ ಮಾತ್ರ ಉಳಿಯುತ್ತಿದ್ದರು.

ಹೀಗಿದ್ದರೂ ಬ್ಲಾಂಕರ ನ್ಯಾಯ ಪೂರ್ಣವಾದುದೆಂದು ಹೇಳಲಾಗದು. ಚಿತ್ರೀಕರಣಕ್ಕೆ ಮೊದಲು ಆರಿಸಿದ್ದ ಪ್ರದೇಶದಲ್ಲಿ ಮೂಲನಿವಾಸಿಗಳಾದ ಆಗ್ವಾರುನಾ ಜನರು ಪ್ರಬಲವಾಗಿ ವಿರೋಧಿಸಿದರು. 1979ರ ಡಿಸೆಂಬರಿನಲ್ಲಿ ಚಿತ್ರತಂಡದ ಶಿಬಿರವು ಬೆಂಕಿಗೆ ಆಹುತಿಯಾಯಿತು. ಈ ವಿರೋಧದ ಕಾರಣಗಳನ್ನು ನಾವು ಬಹುಮಟ್ಟಿಗೆ ಹೆರ್ಜಾಗರ ವಿವರಣೆಯ ಮೂಲಕವೇ ಕೇಳುತ್ತೇವೆ. ಬ್ಲಾಂಕರು ಅವರ ಸ್ನೇಹಿತರು. ಪಣದಲ್ಲಿ ಸೋತು ತಮ್ಮ ಬೂಟನ್ನೇ ಬೇಯಿಸಿ ತಿಂದ ಹೆರ್ಜಾಗರನ್ನು 1980ರ ಕಿರುಚಿತ್ರದಲ್ಲಿ ಅಕ್ಕರೆಯಿಂದ ಚಿತ್ರಿಸಿದ್ದವರು. ಸ್ನೇಹವೇ ಶಿಬಿರದ ಬಾಗಿಲನ್ನು ತೆರೆಯಿತು. ಶಿಬಿರದ ಹೊರಗೆ ನಿಂತವರ ಮಾತು ಕ್ಷೀಣವಾಗಿ ಕೇಳಿಸಿದ್ದೂ ಅದರಿಂದಲೇ. ನೀನಾ ಗ್ಲಾಡಿಟ್ಸರು ಅದೇ ಸುಮಾರಿಗೆ ಆಗ್ವಾರುನಾ ಜನರ ಕಡೆಯಿಂದ ತೆಗೆದ ಕಟುವಾದ ಸಾಕ್ಷ್ಯಚಿತ್ರವನ್ನು ಇದರ ಜೊತೆಯಲ್ಲಿಟ್ಟು ನೋಡದ ವಿಮರ್ಶಕನು ಹೆರ್ಜಾಗರ ಶೀಲವನ್ನು ಕುರಿತು ತೀರ್ಪು ಕೊಡಲು ಅಧಿಕಾರಿಯಲ್ಲ. ಅಂತರಂಗಕ್ಕೆ ಇನ್ನೂ ಸಮೀಪದಲ್ಲಿದ್ದವರ ಸಾಕ್ಷ್ಯಕ್ಕೆ ಬೇರೆಯೇ ತೊಡಕು ಉಂಟು: ಎಲಿನಾರ್ ಕೊಪ್ಪೊಲಾ ನಿರ್ದೇಶಕರಾದ ತಮ್ಮ ಪತಿಯ ಹತಾಶೆಯ ಖಾಸಗಿ ಮಾತುಗಳನ್ನು ಅವರಿಗರಿಯದಂತೆ ಧ್ವನಿಮುದ್ರಿಸಿಕೊಂಡಿದ್ದು, ಅವು 1991ರ ‘ಹಾರ್ಟ್ಸ್ ಆಫ್ ಡಾರ್ಕ್‌ನೆಸ್’ ಚಿತ್ರದಲ್ಲಿ ಬಹಿರಂಗವಾದವು. ಅಲ್ಲಿ ಸತ್ಯ ಹೆಚ್ಚಾಗಿದೆ. ನ್ಯಾಯವೂ ಹೆಚ್ಚಾಯಿತೆಂದು ನಾನು ನಿಸ್ಸಂಕೋಚವಾಗಿ ಹೇಳಲಾರೆ.

ಹೆರ್ಜಾಗರು ತಾವೇ ಕಿನ್ಸ್ಕಿಯನ್ನು ಕುರಿತು 1999ರಲ್ಲಿ ‘ಮೈ ಬೆಸ್ಟ್ ಫೀಂಡ್’ ಎಂಬ ಸಾಕ್ಷ್ಯಚಿತ್ರವನ್ನು ಮಾಡಿದಾಗ ಪ್ರಶ್ನೆಯು ತಿರುಗುಮುರುಗಾಯಿತು. ಕಿನ್ಸ್ಕಿ 1991ರಲ್ಲಿಯೇ ತೀರಿಕೊಂಡಿದ್ದುದರಿಂದ ಮರುನುಡಿಯುವವರಿಲ್ಲ. ತಮ್ಮ ಬಾಲ್ಯದಲ್ಲಿ ತಾವೂ ಕಿನ್ಸ್ಕಿಯೂ ವಾಸವಾಗಿದ್ದ ಮ್ಯೂನಿಕ್ಕಿನ ಮನೆಗೆ ಹೋಗಿ, ಆಗ ಅಲ್ಲಿ ನೆಲಸಿದ್ದ ಸಭ್ಯ ದಂಪತಿಗಳ ಮುಂದೆ, ಕಿನ್ಸ್ಕಿ ಸ್ನಾನದ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಎಲ್ಲವನ್ನೂ ಪುಡಿಗೈದ ಕಥೆಯನ್ನು ಅವರು ಹೇಳುವಾಗ, ಅದಕ್ಕೆ ಅವರ ಮಾತೊಂದೇ ಆಧಾರ. ಆದರೆ ‘ವೊಯ್ಟ್ಸೆಕ್’ ಚಿತ್ರದಲ್ಲಿ ಕಿನ್ಸ್ಕಿಯೊಡನೆ ನಟಿಸಿದ್ದ ಈವಾ ಮಾಟೆಸ್, ಆ ಮನುಷ್ಯನ ಕೋಮಲತೆಯನ್ನೂ ತಮಗೆ ಅವನಿಂದ ದೊರೆತ ಆದರವನ್ನೂ ಇದೇ ಚಿತ್ರದಲ್ಲಿ ನೆನೆಯುತ್ತಾರೆ. ತಾವು ಕಟ್ಟುತ್ತಿದ್ದ ಉನ್ಮತ್ತನ ಚಿತ್ರಕ್ಕೆ ಒಗ್ಗದ ಆ ಸಾಕ್ಷ್ಯವನ್ನು ಸಂಕಲನದ ಮೇಜಿನ ಮೇಲೆ ತೆಗೆದುಹಾಕುವ ಸಂಪೂರ್ಣ ಅಧಿಕಾರವಿದ್ದೂ ಹೆರ್ಜಾಗರು ಅದನ್ನು ಉಳಿಸಿಕೊಂಡರು.